ಕಲ್ಲಿನ ಜೊತೆ ಬಂದವರು

ನಮ್ಮ ಮೇಲಿನ ಮನೆಯ ಗಡಿಯಾರ ರಿಪೇರಿಯವರಿಗೆ, ಉಪ್ಪುನೀರಿನ ಅಕ್ವೇರಿಯಂನಲ್ಲಿ ತಾವು ತಂದು ಸಾಕಿದ ಮೀನುಗಳಿಗಿಂತ, ಅದರೊಳಗೆ ಇಡಲು ತಂದ ಸಮುದ್ರದ ಕಲ್ಲಿನ ಸಂದಿಯಲ್ಲಿ ಅಡಗಿಕೊಂಡು ಕರೆಯದೆ ಬಂದವರ ಮೇಲೇ ಅಕ್ಕರೆ ಹೆಚ್ಚು. ಮಧ್ಯಾಹ್ನ ಅಂಗಡಿಯ ಭೂತಗನ್ನಡಿಯನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು ಗಾಜಿಗೆ ಮೂಗು ಒತ್ತಿ ಕೂತರೆ, ನೀಲಿ ಬೆಳಕು ಮುಖದ ಮೇಲೆ ತೇಲಾಡಿ, ಅವರೂ ನೀರೊಳಗೇ ಇದ್ದಾರೇನೋ ಅನ್ನಿಸುತ್ತದೆ. ಕೂದಲಿನಂಥ ಕಾಲುಗಳ ಹುಳು, ಗುಂಡುಸೂಜಿ ತಲೆಯಷ್ಟು ಬಸವನಹುಳು, ಎಲ್ಲರಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ, ಪೆನ್ಸಿಲ್ಲಿನ ಚಿತ್ರ. ಎಷ್ಟು ಪುಸ್ತಕ ತಿರುವಿದರೂ ಹೆಸರು ಸಿಗದಿದ್ದರೆ ಕೆಳಗೆ "ಯಾರೋ ಗೊತ್ತಿಲ್ಲ, ಪಾಪ, ಇರಲಿ" ಎಂದು ಬರೆಯುತ್ತಾರೆ. "ಅದು ನಿಮ್ಮ ಮೀನನ್ನೇ ತಿಂದ್ರೆ?" ಎಂದು ಹೆಂಡತಿ ಕೇಳಿದರೆ, "ಯಾರು ಅಂತಾನೇ ತಿಳೀದೆ ಹೊರಗೆ ಹಾಕೋದು ಹೇಗೆ ಕಣೇ" ಅನ್ನುತ್ತಾರೆ. ಉಗುರಿನಷ್ಟಿದ್ದ ಏಡಿಯೊಂದು ಅಂಗೈಯಷ್ಟಾಗಿ, ಎರಡು ಮೀನು ಮುಗಿಸಿದ ಮೇಲೂ ಅವರಿಗೆ ಅದರ ಗುರುತು ಸಿಕ್ಕಿಲ್ಲ. ಮೊನ್ನೆ ನಾನು ಹೋದಾಗ ಅಕ್ವೇರಿಯಂ ಪಕ್ಕದ ಕುರ್ಚಿಯಲ್ಲಿ ಅವರ ತಾಯಿ ಕೂತಿದ್ದರು. ಆಕೆಗೆ ಮರೆವು ಬಂದು ನಾಲ್ಕು ವರ್ಷವಾಯಿತು. ಮಗ ಮಂಡಿಯೂರಿ ಕೂತು ಆಕೆಯ ಗಲ್ಲ ಒರೆಸುತ್ತಿದ್ದರು. ಆಕೆ ಅವರನ್ನೇ ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಯಾರೋ ಗೊತ್ತಿಲ್ಲಮ್ಮ. ಪಾಪ, ಇರ್ಲಿ."