ನೀಲಪ್ಪನ ವಿಮಾನದ ಕೆಲಸ

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಮಷೀನು ನಡೆಸುವ ನೀಲಪ್ಪ ತಾನು ಸುಳ್ಳುಗಾರನಲ್ಲ ಎಂದೇ ನಂಬಿದ್ದ. ಹದಿನಾರು ವರ್ಷದ ಹಿಂದೆ ಹುನಗುಂದದ ಕಡೆ ಹೆಣ್ಣು ನೋಡಲು ಹೋದಾಗ, ಏನು ಕೆಲಸವೆಂದು ಕೇಳಿದ ಹುಡುಗಿಯ ಅಪ್ಪನಿಗೆ "ವಿಮಾನದ ಸಾಮಾನು ಮಾಡ್ತೀವ್ರಿ" ಎಂದಿದ್ದ. ಆ ವಾರ ಮಾಲೀಕರು ಯಾವುದೋ ವಿಮಾನ ಕಂಪನಿಗೆ ತೋರಿಸಲು ಅವನಿಂದ ಮೂರು ವಾಷರ್ ಮಾಡಿಸಿದ್ದು ನಿಜ. ಮೂರೂ ವಾಪಸು ಬಂದದ್ದೂ ನಿಜ. ಆದರೆ ಅಷ್ಟರಲ್ಲಿ ಮದುವೆ ಗೊತ್ತಾಗಿತ್ತು. ಅಲ್ಲಿಂದೀಚೆಗೆ ಅವನು ಮಾಡಿದ್ದೆಲ್ಲ ಬೋರ್‌ವೆಲ್ ಮೋಟಾರಿನ ಬುಷ್ಷುಗಳು, ಅಂದರೆ ಒಳಗೆ ದಂಡ ತಿರುಗುವ ಲೋಹದ ಬಳೆಗಳು.

ಈ ಫೆಬ್ರವರಿಯಲ್ಲಿ ಮಾಲೀಕರು ಯಲಹಂಕದ ವಿಮಾನ ಪ್ರದರ್ಶನಕ್ಕೆ ನಾಲ್ಕು ಪಾಸು ಕೊಟ್ಟರು. ಬೇಡವೆನ್ನಲು ನೀಲಪ್ಪ ಎರಡು ದಿನ ಕಾರಣ ಹುಡುಕಿದ, ಸಿಗಲಿಲ್ಲ. ಹೆಂಡತಿ ಮಹಾನಂದಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಊರಿಂದ ಬಂದಿದ್ದ ತಾಯಿ ಮುದುಕವ್ವ ಮದುವೆಗೆ ಹೊರಟಂತೆ ಇಳಕಲ್ ಸೀರೆ ಉಟ್ಟಳು. ಒಂಬತ್ತನೇ ಕ್ಲಾಸಿನ ಮಗಳು ಕಾವ್ಯಾ ಫೋನು ಚಾರ್ಜು ಮಾಡಿಕೊಂಡಳು. ಲಗ್ಗೆರೆಯ ಮನೆಯಿಂದ ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಎಲ್ಲರೂ ಮೈದಾನ ಸೇರಿದರು.

ಸಾಲಾಗಿ ನಿಂತ ವಿಮಾನಗಳನ್ನು ನೋಡಿ ಮುದುಕವ್ವ ನೇರ ವಿಷಯಕ್ಕೆ ಬಂದಳು.

"ಏ ನೀಲ್ಯಾ, ಇದರಾಗ ನಿನ್ನದು ಯಾವುದೋ?"

ಹೊಸ ವಿಮಾನಗಳ ಬಳಿ ಬಂದೂಕು ಹಿಡಿದವರಿದ್ದರು. ಅವರ ಎದುರು ಸುಳ್ಳು ಹೇಳಲು ನೀಲಪ್ಪನಿಗೆ ಧೈರ್ಯ ಬರಲಿಲ್ಲ. ದೂರದ ಮೂಲೆಯಲ್ಲಿ, ಮೂತಿಗೆ ಫ್ಯಾನು ಸಿಕ್ಕಿಸಿದಂತಿದ್ದ ಹಳದಿ ಬಣ್ಣದ ಹಳೇ ವಿಮಾನವೊಂದು ಬಡಪಾಯಿಯಂತೆ ಕಂಡಿತು. ತನ್ನ ಲೆವೆಲ್ಲಿಗೆ ಅದೇ ಸರಿ ಎಂದುಕೊಂಡು ಕೈ ತೋರಿಸಿದ.

"ಅದರ ಗಾಲಿ ಬುಷ್ಷು ನಾನ ಮಾಡಿದ್ದು."

ಕಾವ್ಯಾ ಬೋರ್ಡು ಓದಿದಳು. "ಅಪ್ಪಾ, ಇದು ನೈಂಟೀನ್ ಫಾರ್ಟಿ ಫೋರ್‌ದು. ಯುದ್ಧಕ್ಕೆ ಹೋಗಿದ್ದಂತೆ. ಆಗ ನಮ್ಮಜ್ಜೀನೇ ಹುಟ್ಟಿರ್ಲಿಲ್ಲ."

"ಸ್ಪೇರು... ಸ್ಪೇರ್ ಮಾಡಿದ್ದು," ಎಂದ ನೀಲಪ್ಪ. ಅವನ ಕಿವಿ ಬಿಸಿಯಾಗಿತ್ತು.

"ಸರಿಯಾಗ್ ಹೇಳಿದ್ರಿ!" ಎಂಬ ದನಿ ಬಂತು. ವಿಮಾನದ ಪಕ್ಕ, ಬಿಚ್ಚಿದ ಬಿಡಿಭಾಗಗಳನ್ನು ಜೋಡಿಸಿಟ್ಟ ಮೇಜಿನ ಹಿಂದೆ ಮುದುಕರೊಬ್ಬರು ಕೂತಿದ್ದರು. ಎದೆಯ ಮೇಲಿನ ಪಟ್ಟಿಯಲ್ಲಿ ಮುನಿರಾಜು ಎಂದಿತ್ತು. ವಾಯುಪಡೆಯ ನಿವೃತ್ತ ಮೆಕ್ಯಾನಿಕ್ ಅವರು. "ಇದಕ್ಕೆಲ್ಲ ಈಗ ಸ್ಪೇರ್ ಎಲ್ಲಿ ಸಿಗತ್ತೆ? ಲೇತ್ ನಡೆಸೋ ಒಳ್ಳೇ ಟರ್ನರ್ ಯಾರಾದ್ರೂ ಅಳತೆ ತಗೊಂಡು ಮಾಡ್ಕೊಡ್ಬೇಕು. ನೀವು ಮಾಡಿದ್ದು ಯಾವಾಗ?"

ತಪ್ಪಿಸಿಕೊಂಡೆ ಎಂದು ಅರೆಗಳಿಗೆ ಹಿಗ್ಗಿದ್ದ ನೀಲಪ್ಪ ಈಗ ಪೂರ್ತಿ ಸಿಕ್ಕಿಬಿದ್ದ. ಬಾಯಿ ತೆರೆದ. ಇನ್ನೊಂದು ಸುಳ್ಳು ಬರಬೇಕಿತ್ತು, ಬರಲಿಲ್ಲ.

"ಇಲ್ರೀ ಸರ. ನಾನು ಬೋರ್‌ವೆಲ್ ಮೋಟಾರಿಂದು ಮಾಡೋದು. ಮನೀಯವರ ಮುಂದ ಒಂಚೂರು ಜಾಸ್ತಿ ಹೇಳಿದೆ."

ಮುದುಕವ್ವ ಬೆಚ್ಚಿಬಿದ್ದಳು. "ಹಂಗಾರ ಊರಾಗ ನಾ ಮಂದಿಗೆ ಏನ್ ಹೇಳ್ಕೊಂತ ಬಂದೀನಲೇ?"

ಮಹಾನಂದಾ ಮಾತ್ರ ಸೆರಗಿನಿಂದ ಬೆವರು ಒರೆಸಿಕೊಂಡು ತಣ್ಣಗೆ ಹೇಳಿದಳು. "ಮದುವಿ ಆದ ತಿಂಗಳಿಗೇ ಗೊತ್ತಾತ್ರೀ ನನಗ. ಕಂಪನಿ ಕ್ಯಾಲೆಂಡರ್ ತಂದಿದ್ರಲ್ಲ, ಹನ್ನೆರಡು ತಿಂಗಳಿಗೂ ನೀರಿನ ಮೋಟಾರ್ ಚಿತ್ರನ ಇತ್ತು."

ಹದಿನಾರು ವರ್ಷ ತಾನು ಕಾಪಾಡಿಕೊಂಡು ಬಂದ ಗುಟ್ಟನ್ನು ಅಡುಗೆಮನೆಯ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದೆ ಎಂದು ನೀಲಪ್ಪನಿಗೆ ಆಗ ಹೊಳೆಯಿತು.

ಮುನಿರಾಜು ನಗುತ್ತ ಮೇಜಿನಿಂದ ಒಂದು ಹಿತ್ತಾಳೆ ಬಣ್ಣದ ಬುಷ್ಷೆತ್ತಿ ಅವನ ಕೈಗಿಟ್ಟರು. "ಟರ್ನರ್ ಅನ್ನೋದಾದ್ರೂ ನಿಜ ತಾನೆ? ನೋಡಿ ಹೇಳಿ, ಹೇಗಿದೆ?"

ನೀಲಪ್ಪ ಕಿರುಬೆರಳನ್ನು ಒಳಗೆ ಹಾಕಿ ನಿಧಾನವಾಗಿ ತಿರುಗಿಸಿದ. ಮೊದಲ ಸಲ ಅವನ ಮುಖದಲ್ಲಿ ಗಾಬರಿ ಇರಲಿಲ್ಲ. "ಎರಡೂ ಕಡೆಯಿಂದ ಕೊರದಾರ್ರಿ ಸರ. ತಿರುಗಿಸಿ ಲೇತಿಗೆ ಕಟ್ಟುವಾಗ ಸೆಂಟರ್ ತಪ್ಪೈತಿ. ನಡುವ ಕೂದಲೆಳೆಯಷ್ಟು ಮೆಟ್ಟಲ ಐತ್ರೀ. ಯಾರೋ ಅವಸರದಾಗ ಮಾಡ್ಯಾರ."

ಮುನಿರಾಜು ಬುಷ್ಷನ್ನು ವಾಪಸು ತೆಗೆದುಕೊಂಡು ಮೇಜಿನ ಮೇಲಿಟ್ಟರು.

"ನಾನೇ ಮಾಡಿದ್ದು," ಎಂದರು ಆಮೇಲೆ. "ಇನ್‌ಸ್ಪೆಕ್ಟರ್ ಒಪ್ಲಿಲ್ಲ. ಅದಕ್ಕೇ ವಿಮಾನದಲ್ಲಿಲ್ಲ, ಮೇಜಿನ ಮೇಲಿದೆ."

ನೀಲಪ್ಪ ನಾಲಿಗೆ ಕಚ್ಚಿಕೊಂಡ. ಸುಳ್ಳು ಹೇಳಿದರೆ ತನ್ನ ಮಾನ ಹೋಗುತ್ತದೆ, ನಿಜ ಹೇಳಿದರೆ ಬೇರೆಯವರ ಮಾನ. ತನ್ನಂಥವನು ಮನೆಯಲ್ಲೇ ಇರುವುದು ವಾಸಿ ಎನಿಸಿತು. ಅಷ್ಟರಲ್ಲಿ ಮುನಿರಾಜು ಜೋರಾಗಿ ನಕ್ಕರು. ಮುದುಕವ್ವನ ಕಡೆ ತಿರುಗಿ, "ಅಮ್ಮಾ, ನಿಮ್ಮ ಮಗನ ಬೆರಳಿದೆಯಲ್ಲ, ಅದು ಸುಳ್ಳು ಹೇಳಲ್ಲ," ಎಂದರು. ಬಾಯಿಯ ಬಗ್ಗೆ ಅವರು ಏನೂ ಹೇಳಲಿಲ್ಲ ಎಂಬುದು ನೀಲಪ್ಪನ ಗಮನಕ್ಕೆ ಬಂತು.

ಅವರ ಊಟವಾದ ಮೇಲೆ, ಸ್ವಲ್ಪ ಹೊತ್ತಿನಲ್ಲಿ ಹಳದಿ ವಿಮಾನ ಹಾರುತ್ತದೆಂದು ಮೈಕಿನಲ್ಲಿ ಕೂಗಿದರು. ಇನ್ನೂ ಹೊತ್ತಿದೆಯೆಂದು ನೀಲಪ್ಪ ಬಾಟಲಿ ಹಿಡಿದು ನೀರಿನ ಸಾಲಿಗೆ ಹೋದ. ಮುಂದೆ ನಲವತ್ತು ಜನರಿದ್ದರು, ಪಕ್ಕದಲ್ಲಿ ತಗಡಿನ ಗೋಡೆ. ಗೋಡೆಯಾಚೆ ಗಡಗಡ ಸದ್ದು ಬಂತು, ಜನ ಹೋ ಎಂದರು. ಅವನು ಓಡಿಬರುವಷ್ಟರಲ್ಲಿ ವಿಮಾನ ಇಳಿದಾಗಿತ್ತು.

"ವಿಡಿಯೋ ಮಾಡಿದೀನಿ ಬಿಡಪ್ಪಾ," ಎಂದು ಕಾವ್ಯಾ ಫೋನು ಕೊಟ್ಟಳು. ಹದಿನಾಲ್ಕು ಸೆಕೆಂಡಿನ ವಿಡಿಯೋ. ಅದರಲ್ಲಿ ಹನ್ನೊಂದು ಸೆಕೆಂಡು ಯಾರದೋ ಮೊಣಕೈ ಇತ್ತು. ನೀಲಪ್ಪ ಬಸ್ಸಿನಲ್ಲಿ ಕೂತು ಅದನ್ನೇ ಐದು ಸಲ ನೋಡಿದ.