ಗಾಯ ಇಲ್ಲ ಎಂದು ಬರೆದವಳು

ರಾಮನಗರದ ಗಂಗಲಕ್ಷ್ಮಮ್ಮನಿಗೆ ಐವತ್ತೆರಡು ವರ್ಷ. ಓದಿದ್ದು ಏಳನೇ ತರಗತಿ. ವಿಪತ್ತಿನ ಸಮಯದಲ್ಲಿ ಚಿಕಿತ್ಸೆಗೆ ಹೋಗುವ ವೈದ್ಯಕೀಯ ತಂಡವೊಂದರಲ್ಲಿ ಆಕೆ ಸ್ವಯಂಸೇವಕಿ. ಪ್ರವಾಹದ ಬಗ್ಗೆ ಆ ತಂಡ ಅಚ್ಚು ಹಾಕಿಸಿದ ವರದಿಯಲ್ಲಿ ಮೂವತ್ತಾರು ಫೋಟೋಗಳಿವೆ, ಆಕೆಯದು ಒಂದೂ ಇಲ್ಲ. ಅದರ ಬಗ್ಗೆ ಆಕೆಗೆ ಬೇಸರವೇನಿಲ್ಲ. ಆ ವರದಿಯಲ್ಲಿ ಒಂದು ವಾಕ್ಯವಿದೆ: ‘ಸಂತ್ರಸ್ತರಲ್ಲಿ ಗಾಯಗೊಂಡವರ ಸಂಖ್ಯೆ ಅತ್ಯಲ್ಪ.’ ಆಕೆಗೆ ಸಿಟ್ಟಿರುವುದು ಅದರ ಮೇಲೆ. ನನಗೂ ಅದರ ಮೇಲೆಯೇ. ಆ ಸುಳ್ಳನ್ನು ಮೊದಲು ಬರೆದ ಕೈ ತನ್ನದೇ ಎಂದು ಆಕೆ ಹೇಳುತ್ತಾಳೆ, ಯಾರು ಕೇಳಿದರೂ, ಕೇಳದಿದ್ದರೂ.

ಹುಟ್ಟಿದ್ದು ಹೊಂಗನೂರಿನಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೆ ಇಪ್ಪತ್ತೊಂದು ವರ್ಷ ಮುನಾವರ್ ಸಾಹೇಬರ ಫಿಲೇಚರ್‌ನಲ್ಲಿ, ಎಂದರೆ ರೇಷ್ಮೆ ಕಾರ್ಖಾನೆಯಲ್ಲಿ, ನೂಲು ತೆಗೆದಳು. ಅಲ್ಲಿ ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಬೆಂದ ಗೂಡುಗಳು ಅದರಲ್ಲಿ ತೇಲುತ್ತಿರುತ್ತವೆ. ಒಂದೊಂದು ಗೂಡಿನಿಂದಲೂ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಆ ಎಳೆ ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ದಿನಕ್ಕೆ ಒಂಬತ್ತು ಗಂಟೆ ನೀರಿನಲ್ಲಿರುವ ಬೆರಳುಗಳ ಚರ್ಮ ಬಿಳಿಚಿಕೊಂಡು ಉಬ್ಬುತ್ತದೆ, ಸಂದುಗಳಲ್ಲಿ ಸೀಳುತ್ತದೆ, ಕೀವು ಕಟ್ಟುತ್ತದೆ. ಸಂಜೆ ಹರಳೆಣ್ಣೆ ಸವರಿಕೊಳ್ಳುತ್ತಾರೆ. ಬೆಳಿಗ್ಗೆ ಮತ್ತೆ ಅದೇ ನೀರು. ಆ ಬೀದಿಯಲ್ಲಿ ಇದನ್ನು ಯಾರೂ ಕಾಯಿಲೆ ಎಂದು ಕರೆಯುವುದಿಲ್ಲ, ಗಾಯ ಎಂದೂ ಕರೆಯುವುದಿಲ್ಲ. ಕೈ ಇರುವುದೇ ಹಾಗೆ ಎಂದುಕೊಂಡಿದ್ದಾರೆ.

ಹಬೆ ಕುಡಿದು ಕುಡಿದು ಉಬ್ಬಸ ಹತ್ತಿದ ಮೇಲೆ ಆಕೆ ಕೆಲಸ ಬಿಟ್ಟಳು. ಮನೆಯಲ್ಲಿ ಕೂರಲಾರದೆ ಈ ತಂಡಕ್ಕೆ ಹೆಸರು ಕೊಟ್ಟಳು. ಕನಕಪುರದಲ್ಲಿ ಮೂರು ದಿನದ ತರಬೇತಿ. ಕೂತಿದ್ದವರೆಲ್ಲ ಕಾಲೇಜಿನವರು. ಪುನೀತ್ ಎಂಬ ಹುಡುಗ ಕೇಳಿದನಂತೆ, “ಆಂಟಿ, ಸ್ಟ್ರೆಚರ್ ಎತ್ತೋಕಾಗುತ್ತಾ ನಿಮ್ಗೆ?”

“ಬಾ, ಮಲೀಕೊ. ನಿನ್ನೇ ಎತ್ತಿ ತೋರುಸ್ತೀನಿ.”

ಎತ್ತಿದಳು ಕೂಡ. ಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪ್ರವಾಹದ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ಗಾಯವಿರುವ ಚರ್ಮದ ಮೂಲಕ ಇಲಿ ಜ್ವರ ಮೈಗೆ ಇಳಿಯುತ್ತದೆ, ಮೀನಖಂಡದ ನೋವು ಮತ್ತು ಕೆಂಪು ಕಣ್ಣು ಅದರ ಗುರುತು. ಎಲ್ಲವೂ ಆ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿದೆ. ನಾನು ನೋಡಿದ್ದೇನೆ.

ಆಗಸ್ಟ್‌ನಲ್ಲಿ ಮೇಲಿನ ಕೆರೆಯ ಏರಿ ಒಡೆದು ಫಿಲೇಚರ್ ಬೀದಿಗೆ ಸೊಂಟದುದ್ದ ನೀರು ನುಗ್ಗಿತು. ಚರಂಡಿ, ಕೆರೆ, ಕಕ್ಕಸು ಎಲ್ಲ ಒಂದಾದ ನೀರು. ಅದರಲ್ಲಿ ಇಳಿದು ಜನ ಗೂಡಿನ ಮೂಟೆಗಳನ್ನು ಹೊತ್ತರು, ನೀರು ಇಳಿದ ಮೇಲೆ ಬರಿಗೈಯಲ್ಲಿ ಕೆಸರು ಬಾಚಿದರು. ತಂಡ ಶಾಲೆಯೊಂದರಲ್ಲಿ ಶಿಬಿರ ಹಾಕಿತು. ಮುಖ್ಯಸ್ಥರು ಡಾ. ರುದ್ರಪ್ರಸಾದ್, ಮಾಗಡಿಯವರು, ಮೂವತ್ತೊಂದು ವರ್ಷದ ಶ್ರದ್ಧಾವಂತ. ಇಲಿ ಜ್ವರ ತಡೆಯುವ ಮಾತ್ರೆಗಳು ಕಡಿಮೆ ಇದ್ದವು. ಮೈಮೇಲೆ ತೆರೆದ ಗಾಯ ಇದ್ದವರಿಗೆ ಮಾತ್ರ ಕೊಡಬೇಕೆಂಬ ನಿಯಮ. ಅದಕ್ಕಾಗಿ ಬೆಂಗಳೂರಿನ ಯಾವುದೋ ಏಸಿ ಕೋಣೆಯಲ್ಲಿ ತಯಾರಾದ ಫಾರಂ. ಹೆಸರು, ವಯಸ್ಸು, ‘ಗಾಯ ಇದೆಯೇ?’ ಫಾರಂ ತುಂಬುವ ಕೆಲಸ ಗಂಗಲಕ್ಷ್ಮಮ್ಮನದು, ಏಕೆಂದರೆ ಬೀದಿಯವರೆಲ್ಲ ಆಕೆಗೆ ಗೊತ್ತು.

ಇಸ್ರಾರ್ ಬಂದ. ಹನ್ನೆರಡು ವರ್ಷ ಆಕೆಯ ಪಕ್ಕದ ಬೇಸಿನ್‌ನಲ್ಲಿ ನಿಂತವನು.

“ಗಾಯ ಏನಾರ ಐತೇನ್ಲಾ?”

“ಎಲ್ಲಿ ಗಾಯ ಗಂಗಕ್ಕಾ? ನಾನೇನ್ ಯುದ್ಧಕ್ಕೆ ಹೋಗಿದ್ನಾ?”

ಇಬ್ಬರೂ ನಕ್ಕರು. ಆಕೆ ‘ಇಲ್ಲ’ ಎಂದು ಬರೆದಳು. ನೂರ ಎಂಬತ್ತಾರು ಜನರ ಪೈಕಿ ನೂರ ಎಪ್ಪತ್ತೊಂದು ಜನರ ಮುಂದೆ ‘ಇಲ್ಲ’ ಎಂದು ಬರೆದಳು. ಅವರು ಸುಳ್ಳು ಹೇಳಲಿಲ್ಲ, ಆಕೆಯೂ ಮೋಸ ಮಾಡಲಿಲ್ಲ. ಒಂದು ಕಸುಬು ಮನುಷ್ಯರಿಗೆ ತಮ್ಮ ಮೈಯನ್ನೇ ಕಾಣದಂತೆ ಮಾಡಬಲ್ಲದು. ಅದನ್ನು ಕಾಣಬೇಕಾಗಿದ್ದ ವಿದ್ಯಾವಂತರು ಫಾರಂ ನೋಡುತ್ತಿದ್ದರು.

ನೀರು ನುಗ್ಗಿದ ಒಂಬತ್ತನೇ ದಿನ ಮಧ್ಯಾಹ್ನ ತಂಡ ಮುಂದಿನ ಶಿಬಿರಕ್ಕೆಂದು ಬೈರಮಂಗಲದ ಕಡೆಗೆ ಹೊರಟಿತ್ತು. ಸಾಮಾನು ಜೀಪಿಗೆ ಏರುತ್ತಿದ್ದಾಗ ಇಸ್ರಾರ್‌ನನ್ನು ಅವನ ಹೆಂಡತಿ ಆಯಿಷಾ ಆಟೋದಲ್ಲಿ ಕರೆತಂದಳು. ಮೂರು ದಿನದ ಜ್ವರ. ಡಾಕ್ಟರು ನಾಡಿ ನೋಡಿ, “ವೈರಲ್ ಇರ್ಬೇಕು. ಪ್ಯಾರಾಸಿಟಮಾಲ್ ಕೊಡಿ, ಚೆನ್ನಾಗಿ ನೀರು ಕುಡೀಲಿ,” ಎಂದರು.

ಗಂಗಲಕ್ಷ್ಮಮ್ಮ ಇಸ್ರಾರ್‌ನ ಕಣ್ಣು ನೋಡಿದಳು, ಕೆಂಪಗಿದ್ದವು. ಮೀನಖಂಡ ಒತ್ತಿದಳು. ಅವನು ಕಿರುಚಿದ.

“ಉಚ್ಚೆ ಹೋಗ್ತಾವ್ನಾ?” ಎಂದು ಆಯಿಷಾಳನ್ನು ಕೇಳಿದಳು.

“ನಿನ್ನೆಯಿಂದ ಇಲ್ಲ ಅಕ್ಕಾ.”

“ಸಾರ್, ಇದು ಇಲಿ ಜ್ವರ.”

ಡಾಕ್ಟರು ಫಾರಂ ತೆಗೆದರು. “ಗಾಯ ಇಲ್ಲ ಅಂತಿದೆಯಲ್ಲ. ನೀವೇ ಬರ್ದಿರೋದು, ಗಂಗಲಕ್ಷ್ಮಮ್ಮ.”

ಆಕೆ ಇಸ್ರಾರ್‌ನ ಎರಡೂ ಕೈಗಳನ್ನು ಹಿಡಿದು, ಅಂಗೈ ಮೇಲೆ ಮಾಡಿ, ಡಾಕ್ಟರ ಮುಖದ ಮುಂದೆ ಒಡ್ಡಿದಳು. ಬೆರಳ ಸಂದುಗಳಲ್ಲಿ ಚರ್ಮ ತೆರೆದು ಒಳಗಿನ ಕೆಂಪು ಕಾಣುತ್ತಿತ್ತು.

“ಇದೇನು ಸಾರ್? ಇದುನ್ನ ಏನಂತ ಬರೀಲಿ?”

ಇಸ್ರಾರ್ ಆ ಸ್ಥಿತಿಯಲ್ಲೂ ನಾಚಿಕೊಂಡು ಕೈ ಹಿಂದಕ್ಕೆಳೆದ. “ಅದು ಕೈ ಅಲ್ವಾ ಅಕ್ಕಾ,” ಎಂದ.

“ಬಾಯ್ ಮುಚ್ಲಾ! ನೀನೂ ಕುರುಡ, ನಾನೂ ಕುರುಡಿ. ನಾಕ್ ದಿನದ ಕೆಳ್ಗೆ ಇದೇ ಕೈ ನೋಡ್ಕೊಂಡು ನಕ್ಕಿದ್ನಲ್ಲಾ, ನನ್ ಬಾಯಿಗೆ ಹುಳ ಬೀಳಾ!”

ಇಸ್ರಾರ್‌ನನ್ನು ಬೆಂಗಳೂರಿಗೆ ಕಳಿಸಲು ಡಾಕ್ಟರು ಆಂಬುಲೆನ್ಸ್ ಕರೆಸಿದರು. ಅಲ್ಲಿಯವರೆಗೆ ಸರಿ. ಆಮೇಲೆ ಗಡಿಯಾರ ನೋಡಿ, “ಮಿಕ್ಕವರನ್ನ ಆರೋಗ್ಯ ಕೇಂದ್ರದವರು ನೋಡ್ಕೋತಾರೆ. ಬೈರಮಂಗಲದಲ್ಲಿ ಕಾಯ್ತಿದ್ದಾರೆ, ಹೊರಡೋಣ,” ಎಂದರು.

ಗಂಗಲಕ್ಷ್ಮಮ್ಮ ಜೀಪಿನಿಂದ ಮಾತ್ರೆಯ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ, ಅಂಗಳದಲ್ಲಿಟ್ಟು, ಅದರ ಮೇಲೆ ಕೂತುಬಿಟ್ಟಳು.

“ಏಳಿ, ಗಂಗಲಕ್ಷ್ಮಮ್ಮ. ಇದು ಶಿಸ್ತಲ್ಲ.”

“ಏಳಕಿಲ್ಲ ಸಾರ್. ನೂರ ಎಪ್ಪತ್ತೊಂದು ಜನಕ್ಕೆ ಇಲ್ಲ ಅಂತ ಬರ್ದೋಳು ನಾನು. ಇವತ್ಗೂ ಅವರು ಬರಿಗೈಲಿ ಕೆಸರು ಬಾಚ್ತಾವ್ರೆ. ನಿಮ್ ತಂಡದಿಂದ ಹೆಸ್ರು ಹೊಡುದ್ ಹಾಕಿ, ಪೊಲೀಸ್‌ನೋರ್ನ ಕರೀರಿ. ಈ ಪೆಟ್ಗೆ ಈ ಬೀದೀಲೇ ಖಾಲಿಯಾಗ್ಬೇಕು.”

“ಅಲ್ಲಿ ಬೇಕಾದ್ರೆ?”

“ಅಲ್ಲಿಗೆ ಬೇರೆ ತರ್ಸಿ. ಫೋನ್ ಐತಲ್ಲ ನಿಮ್ ಕೈಲಿ. ನಿಮ್ ಕೈ ಚೆನ್ನಾಗೈತೆ.”

ಆ ಕೊನೆಯ ಮಾತಿಗೆ ಡಾಕ್ಟರು ಕೆಂಪಾದರಂತೆ. ಆದರೂ ಫೋನ್ ಮಾಡಿದರು. ಅಷ್ಟರ ಮಟ್ಟಿಗೆ ಅವರನ್ನು ಗೌರವಿಸುತ್ತೇನೆ. ಆ ಸಂಜೆಯೊಳಗೆ ಇಬ್ಬರೂ ಮನೆಮನೆಗೆ ಹೋದರು. ಆಕೆ ಏನನ್ನೂ ಕೇಳಲಿಲ್ಲ, “ಕೈ ಚಾಚು” ಎಂದಳು. ನೂರ ನಲವತ್ತೆರಡು ಜನರ ಕೈ ತೆರೆದ ಗಾಯವಾಗಿತ್ತು. ಹನ್ನೊಂದು ಜನಕ್ಕೆ ಆಗಲೇ ಜ್ವರ ಹಿಡಿದಿತ್ತು. ಹತ್ತಿರದವರಿಗೂ ಹೇಳದೆ ಹೊದ್ದು ಮಲಗಿದ್ದರು. ಅವರನ್ನೆಲ್ಲ ಅಂದೇ ಆಸ್ಪತ್ರೆಗೆ ಸೇರಿಸಿದ್ದರಿಂದ ಹನ್ನೊಂದು ಜನವೂ ಉಳಿದರು. ಇಸ್ರಾರ್‌ಗೆ ನಾಲ್ಕು ಸಲ ಡಯಾಲಿಸಿಸ್ ಆಯಿತು. ಹನ್ನೆರಡು ದಿನ ಬದುಕುವನೋ ಇಲ್ಲವೋ ತಿಳಿಯಲಿಲ್ಲ. ಗಂಗಲಕ್ಷ್ಮಮ್ಮ ದಿನಾ ರೈಲಿನಲ್ಲಿ ಹೋಗಿ ವಾರ್ಡಿನ ಹೊರಗೆ ಕೂತು ಬಂದಳು. ಆಯಿಷಾ ಮೊದಲ ಎರಡು ದಿನ ಆಕೆಯ ಜೊತೆ ಮಾತಾಡಲಿಲ್ಲ. ಅದು ನ್ಯಾಯವಾಗಿತ್ತು. ಗಂಗಲಕ್ಷ್ಮಮ್ಮ ಕ್ಷಮೆ ಕೇಳಲೂ ಇಲ್ಲ, ತಾನು ಬರೆದದ್ದನ್ನು ಹೇಳಿ ಸುಮ್ಮನಾದಳು.

ಇಸ್ರಾರ್ ಉಳಿದ.

ಡಾ. ರುದ್ರಪ್ರಸಾದ್ ಫಾರಂ ಬದಲಿಸಲು ಬೆಂಗಳೂರಿಗೆ ಎರಡು ಪತ್ರ ಬರೆದರು. ಹೊಸ ಫಾರಂ ಬಂತು. ಅದರಲ್ಲಿ ಇಮೇಲ್ ವಿಳಾಸಕ್ಕೆ ಒಂದು ಸಾಲು ಸೇರಿಸಿದ್ದಾರೆ. ‘ಗಾಯ ಇದೆಯೇ?’ ಹಾಗೆಯೇ ಇದೆ. ವರದಿ ಬರೆದವರು ಹಳೆಯ ಫಾರಂಗಳ ‘ಇಲ್ಲ’ಗಳನ್ನೇ ಕೂಡಿಸಿ ಆ ವಾಕ್ಯ ಮಾಡಿದರು.

ಎರಡು ತಿಂಗಳ ಮೇಲೆ ಇಸ್ರಾರ್ ಅದೇ ಬೇಸಿನ್ ಮುಂದೆ ನಿಂತಿದ್ದಾನೆಂದು ತಿಳಿದು ಗಂಗಲಕ್ಷ್ಮಮ್ಮ ರಬ್ಬರ್ ಗ್ಲೌಸ್ ಹಿಡಿದು ಹೋದಳು. ಅವನು ಒಂದು ಗೂಡಿನ ಮಟ್ಟಿಗೆ ಹಾಕಿಕೊಂಡು, ಬಿಚ್ಚಿ, ಪಕ್ಕಕ್ಕಿಟ್ಟ.

“ಇದ್ರಲ್ಲಿ ಎಳೆ ಸಿಗಲ್ಲ ಅಕ್ಕಾ. ನಿನಗೆ ಗೊತ್ತಿಲ್ವಾ?”

ಗೊತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಗ್ಲೌಸ್ ಹಾಕಿ ನೂಲು ತೆಗೆದವರನ್ನು ಆಕೆ ಕಂಡಿರಲಿಲ್ಲ. ಆದರೂ ಅವನನ್ನು ಬೈದಳು, ಮುನಾವರ್ ಸಾಹೇಬರನ್ನು ಬೈದಳು, ಉಬ್ಬಸ ಬರುವವರೆಗೆ ಬೈದು ಬಾಗಿಲಲ್ಲಿ ಕೂತಳು. ಇಸ್ರಾರ್ ಒಂದು ಲೋಟ ನೀರು ತಂದುಕೊಟ್ಟು ಕೆಲಸಕ್ಕೆ ಹಿಂದಿರುಗಿದ.