ಒಡೆದು ನೋಡಿದ ಬ್ಯಾಕಪ್

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಸರ್ವರನ್ನು ಪೂರ್ತಿ ಅಳಿಸಿ ಹೊಸದಾಗಿ ಕೂರಿಸಬೇಕಿತ್ತು. ಅದಕ್ಕೆ ಮೊದಲು ಮಂಡಿಯ ಲೆಕ್ಕವೆಲ್ಲ ಇದ್ದ ಡೇಟಾಬೇಸನ್ನು ಟೇಪಿಗೆ ಬ್ಯಾಕಪ್ ತೆಗೆದೆ. ಪರದೆಯ ಮೇಲೆ ‘ಸಕ್ಸಸ್’ ಎಂದು ಹಸಿರು ಅಕ್ಷರ ಬಂತು. ಇನ್ನೇನು ಅಳಿಸಬೇಕು, ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿ ನೋಡಿಕೊಳ್ಳುವ ರಂಗಪ್ಪ ಟೀ ಹಿಡಿದು ಬಂದರು.

“ಒಳಗೆ ಎಲ್ಲ ಸರಿಯಾಗೈತಾ ಸಾ?”

“ಸಕ್ಸಸ್ ಅಂತ ಬಂದಿದೆಯಲ್ಲ ರಂಗಪ್ಪನೋರೆ.”

“ಕೊಬ್ಬರಿ ಆದ ಕಾಯೂ ಅಲ್ಲಾಡಿಸಿದ್ರೆ ಗಡಗಡ ಅಂತೈತೆ ಕಣ್ ಸಾ. ಒಳಗೆ ಬೂಷ್ಟು ಹಿಡಿದಿದ್ರೂ ಹಂಗೇ ಅಂತೈತೆ. ನಾವು ರಾಶಿಗೊಂದು ಒಡೆದು ನೋಡ್ದೆ ಒಪ್ಪಲ್ಲ.”

ನನಗೆ ಒಳಗೊಳಗೇ ಉರಿಯಿತು. ಅವರ ಬಾಯಿ ಮುಚ್ಚಿಸಲೆಂದೇ ಟೇಪಿನಲ್ಲಿದ್ದುದನ್ನು ಬೇರೆ ಕಂಪ್ಯೂಟರಿಗೆ ರಿಸ್ಟೋರ್ ಮಾಡಿದೆ. ಫೋಲ್ಡರ್ ಬಂತು, ಒಳಗೆ ಒಂದು ಫೈಲೂ ಇಲ್ಲ! ಡೇಟಾಬೇಸ್ ಓಡುತ್ತಿದ್ದಾಗಲೇ ಬ್ಯಾಕಪ್ ತೆಗೆದಿದ್ದೆ. ತೆರೆದಿದ್ದ ಫೈಲುಗಳನ್ನೆಲ್ಲ ಸಾಫ್ಟ್‌ವೇರ್ ತೆಪ್ಪಗೆ ಬಿಟ್ಟು ಮುಂದೆ ಹೋಗಿತ್ತು.

ಡೇಟಾಬೇಸ್ ನಿಲ್ಲಿಸಿ ಮತ್ತೆ ಬ್ಯಾಕಪ್ ತೆಗೆದೆ. ಈ ಸಲ ಅವರು ಕೇಳುವ ಮೊದಲೇ ರಿಸ್ಟೋರ್ ಮಾಡಿ, ಬಂದ ಫೈಲುಗಳನ್ನೆಲ್ಲ ತೋರಿಸಿದೆ. ರಂಗಪ್ಪ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕಾಯಿ ಒಡೆದು ಅರ್ಧ ಕೊಬ್ಬರಿ ನನ್ನ ಕೈಗಿಟ್ಟು, “ತಗಳಿ ಸಾ, ಸಕ್ಸಸ್ ಅಂದ್ರೆ ಇದು” ಅಂದರು.

ನಾನೂ ಕಚ್ಚಿ ನೋಡಿಯೇ ಒಪ್ಪಿಕೊಂಡೆ.